ಕಿಟಕಿ ಪಕ್ಕದ ಊಟ, ಮಾರ್ಚ್ ಮೂವತ್ತೊಂದರವರೆಗೆ

“ಇಲ್ಲ, ನಾನು ಮಾಡಿಕೊಡಲ್ಲ.”

ಉಕಾಯ್ ಇಷ್ಟನ್ನೂ ತಲೆ ಎತ್ತದೆಯೇ ಹೇಳಿದ. ಅವನ ಗಮನವೆಲ್ಲ ಎದುರಿಗೆ ಬಿಚ್ಚಿಟ್ಟಿದ್ದ ಪ್ರಿಂಟರಿನ ಮೇಲಿತ್ತು. ಅಂಗಡಿಯ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಿದ್ದ ಹೆಣ್ಣು ಅವನಿಗೆ ಲೆಕ್ಕಕ್ಕೇ ಇರಲಿಲ್ಲ.

ಚಿಗುಸಾಗೆ ಮೈಯೆಲ್ಲ ಉರಿಯಿತು. ನಿಂಬೆಹಣ್ಣು ಪ್ಯಾಕ್ ಮಾಡುವ ಶೆಡ್ಡಿನಿಂದ ಏಪ್ರನ್ನನ್ನೂ ಬಿಚ್ಚದೆ ಓಡಿ, ಫೆರಿ ದೋಣಿ ಹಿಡಿದು, ದ್ವೀಪದಿಂದ ಈ ದಡಕ್ಕೆ ಬಂದಿದ್ದಳು. ಕಂಪ್ಯೂಟರ್ ಬಲ್ಲವನು ಅಂತ ಊರೆಲ್ಲ ಹೇಳಿದ್ದು ಈ ಮನುಷ್ಯನ ಹೆಸರನ್ನೇ. ಅವನು ನೋಡಿದರೆ ಹೀಗೆ...

“ಇನ್ನು ಆರೇ ದಿನ ಇದೆ,” ಎಂದಳು. “ಮೂವತ್ತೊಂದನೇ ತಾರೀಕು ಮಧ್ಯಾಹ್ನ ಹನ್ನೆರಡಕ್ಕೆ ನನ್ನ ತಂಗಿ ಅಳಿಸಿ ಹೋಗ್ತಾಳೆ.”

ಆಗ ಅವನು ತಲೆ ಎತ್ತಿದ.

ತಂಗಿ ಮಾಹೊ ತೀರಿಕೊಂಡು ಆರು ವರ್ಷವಾಗಿತ್ತು. ಇಪ್ಪತ್ಮೂರು ವಯಸ್ಸು. ಕೊನೆಯ ಎರಡು ವರ್ಷ ಆಸ್ಪತ್ರೆಯ ಕಿಟಕಿ ಪಕ್ಕದ ಹಾಸಿಗೆಯೇ ಅವಳ ಊರಾಗಿತ್ತು. ಅಲ್ಲಿ ಕೂತು ದಿನಾ ಮಧ್ಯಾಹ್ನದ ಊಟದ ತಟ್ಟೆಯ ಚಿತ್ರ ಬರೆದು, ಕೆಳಗೆ ಎರಡು ತುಂಟ ಸಾಲು ಸೇರಿಸಿ ತನ್ನ ವೆಬ್‌ಸೈಟಿಗೆ ಹಾಕುತ್ತಿದ್ದಳು. ಅದಕ್ಕೆ ‘ಕಿಟಕಿ ಪಕ್ಕದ ಊಟ’ ಅಂತ ಹೆಸರಿಟ್ಟಿದ್ದಳು. ಮೀನು ಬೆಂದಿಲ್ಲ, ತೋಫುಗೆ ನನಗಿಂತ ಬಿಳುಪು ಜಾಸ್ತಿ, ಇವತ್ತಿನ ಸಾರು ನಿನ್ನೆಯ ಸಾರಿನ ಅಣ್ಣ... ಹೀಗೆ.

ಅದರಲ್ಲೊಂದು ಅತಿಥಿಗಳ ಪುಟವಿತ್ತು. ಬೇರೆ ಊರಿನ, ಬೇರೆ ಆಸ್ಪತ್ರೆಗಳ ರೋಗಿಗಳು ಬಂದು ಅಲ್ಲಿ ಬರೆಯುತ್ತಿದ್ದರು. ಮಾಹೊ ಒಬ್ಬರನ್ನೂ ಬಿಡದೆ ಉತ್ತರಿಸುತ್ತಿದ್ದಳು. ಅವಳು ಹೋದ ಮೇಲೂ ಹಳಬರು ನಾಲ್ಕಾರು ಮಂದಿ ಬರುತ್ತಿದ್ದರು. ಚಿಗುಸಾ ಅಂತೂ ದಿನಾ ಸಂಜೆ ಊಟವಾದ ಮೇಲೆ ‘ಅಕ್ಕ’ ಎಂಬ ಹೆಸರಲ್ಲಿ ತಂಗಿಗೆ ನಾಲ್ಕು ಸಾಲು ಬರೆಯುತ್ತಿದ್ದಳು. ಸಮಾಧಿಯ ಮುಂದೆ ಬಾಯೇ ಬಾರದ ಹೆಣ್ಣು, ಅಲ್ಲಿ ಮಾತ್ರ ಮನಸ್ಸು ಬಿಚ್ಚುತ್ತಿದ್ದಳು.

ಆ ವೆಬ್‌ಸೈಟಿಗೆ ಜಾಗ ಕೊಟ್ಟಿದ್ದ ಕಂಪನಿ ಈಗ ಬಾಗಿಲು ಹಾಕುತ್ತಿತ್ತು. ಸೂಚನೆಗಳೆಲ್ಲ ಮಾಹೊಳ ಹಳೆಯ ಮೇಲ್ ವಿಳಾಸಕ್ಕೆ ಹೋಗಿದ್ದವು. ಸತ್ತವಳು ಮೇಲ್ ನೋಡುವುದೆಲ್ಲಿ! ಅತಿಥಿಯೊಬ್ಬರು “ಈ ಪುಟ ಮುಚ್ಚುತ್ತದಂತೆ, ನಿಜವೇ?” ಎಂದು ಬರೆದಾಗಲೇ ಚಿಗುಸಾಗೆ ಗೊತ್ತಾದದ್ದು.

ಎಲ್ಲ ಕೇಳಿ ಉಕಾಯ್ ನಿಧಾನವಾಗಿ ವಿವರಿಸಿದ. ಇಷ್ಟು ದಿನ ಆ ವೆಬ್‌ಸೈಟ್ ಇದ್ದದ್ದು ಒಂದು ವಠಾರದಲ್ಲಿ ಅನ್ನಿ. ನೂರಾರು ಬಾಡಿಗೆದಾರರು, ಒಬ್ಬ ಮಾಲೀಕ. ಅತಿಥಿ ಪುಟ ನಡೆಸುವ ಪ್ರೋಗ್ರಾಮು ಇಪ್ಪತ್ತು ವರ್ಷ ಹಳೆಯದು, ಈಗ ಯಾವ ವಠಾರದವರೂ ಅದನ್ನು ಒಳಗೆ ಬಿಡುವುದಿಲ್ಲ. ಉಳಿಯಬೇಕಾದರೆ ಸ್ವಂತ ಸರ್ವರ್ ಬೇಕು, ಅಂದರೆ ಸ್ವಂತ ಮನೆ. ಅಲ್ಲಿ ನಲ್ಲಿ ಸೋರಿದರೂ ಬೀಗ ಕೆಟ್ಟರೂ ನೀವೇ ಎದ್ದು ನೋಡಬೇಕು ಎಂದ.

“ನಾನು ಮಾಡಿಕೊಡಲ್ಲ. ಆದ್ರೆ ಕಲಿಸ್ಕೊಡ್ತೀನಿ. ಪ್ರತಿ ಅಕ್ಷರ ನೀವೇ ಟೈಪ್ ಮಾಡ್ಬೇಕು.”

ಜವಾಬ್ದಾರಿ ತಪ್ಪಿಸಿಕೊಳ್ಳುವ ಜಾಣ ಎಂದುಕೊಂಡಳು ಚಿಗುಸಾ. ಆದರೂ ಅವಳಿಗೆ ಬೇರೆ ದಾರಿಯೇ ಇರಲಿಲ್ಲ. ಅವಳೂ ಒಂದು ಷರತ್ತು ಹಾಕಿದಳು. ಅತಿಥಿ ಪುಟವನ್ನು ಅವನು ಓದಬಾರದು, ಅದರ ಒಂದಕ್ಷರವೂ ಅವನ ಯಾವ ಯಂತ್ರದಲ್ಲೂ ಉಳಿಯಬಾರದು.

“ಆಯ್ತು,” ಎಂದ ಅವನು. ಅಷ್ಟೇ.

*

ಮರುದಿನದಿಂದ ಉಕಾಯ್ ಸಂಜೆ ಐದು ಗಂಟೆಯ ಫೆರಿಯಲ್ಲಿ ದ್ವೀಪದ ಅವಳ ಮನೆಗೆ ಬರತೊಡಗಿದ. ನೂರೆಂಟು ಮೆಟ್ಟಿಲು ಹತ್ತಿ, ಬಾಗಿಲಲ್ಲಿ ಬೂಟು ನೀಟಾಗಿ ತಿರುಗಿಸಿಟ್ಟು, ಗಿಡ್ಡ ಮೇಜಿನ ಆಚೆ ಬದಿ ಕೂರುತ್ತಿದ್ದ. ಕೈ ಎರಡನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡೇ ಇರುತ್ತಿದ್ದ. ಕೀಬೋರ್ಡ್ ಮುಟ್ಟಿದರೆ ಎಲ್ಲಿ ಪಾಪ ಬರುತ್ತದೋ ಅನ್ನುವ ಹಾಗೆ!

ಮೊದಲ ದಿನ ಅವಳು ತನ್ನದೇ ಸರ್ವರಿನಿಂದ ತಾನೇ ಆಚೆ ಬಿದ್ದಳು. ಬಾಗಿಲು ಭದ್ರ ಮಾಡಲು ಹೋಗಿ ಕೀಲಿಯನ್ನು ಒಳಗೇ ಬಿಟ್ಟು ಚಿಲಕ ಹಾಕಿದ್ದಳು.

ಅವಳ ಕಣ್ಣು ತುಂಬಿತು. “ನೀವೇ ಒಂದ್ಸಲ ಮಾಡ್ಬಾರ್ದಾ?”

“ಮಾಡ್ಬಹುದು. ಆಮೇಲೆ ಅದು ನನ್ನ ಸರ್ವರ್ ಆಗುತ್ತೆ, ಮುರೊಯಾ ಸಾನ್. ನಿಮ್ಮದಲ್ಲ.” ಅವಳ ಮನೆತನದ ಹೆಸರಿಗೆ ಗೌರವದ ‘ಸಾನ್’ ಸೇರಿಸಿಯೇ ಅವನು ಕರೆಯುತ್ತಿದ್ದದ್ದು.

ಕಲ್ಲು ಹೃದಯ... ಎಂದುಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದಳು. ನಿಂಬೆ ಮುಟ್ಟಿ ಮುಟ್ಟಿ ಬಿರಿದ ಬೆರಳುಗಳಿಗೆ ಆ ವಿಚಿತ್ರ ಸಾಲುಗಳು ಒಗ್ಗುತ್ತಲೇ ಇರಲಿಲ್ಲ. ಒಂದು ಚುಕ್ಕೆ ಬಿಟ್ಟರೂ ಸರ್ವರ್ ಮುಖ ತಿರುಗಿಸುತ್ತಿತ್ತು. ಅವನು ಬೇಸರವಿಲ್ಲದೆ ಮತ್ತೆ ಹೇಳುತ್ತಿದ್ದ. ಮೂರನೆಯ ದಿನ ಅವಳು ಸಿಟ್ಟಿಗೆದ್ದು ಪರದೆಯನ್ನು ಬೈದಾಗ ಅವನು ನಕ್ಕುಬಿಟ್ಟ. ಆ ಗಂಟು ಮುಖದಲ್ಲಿ ಅಂಥ ನಗು ಇರಬಹುದೆಂದು ಅವಳು ಊಹಿಸಿರಲೇ ಇಲ್ಲ.

ನಾಲ್ಕನೆಯ ದಿನ ಅವನಿಗೆ ನೆಗಡಿ. ಮೂಗು ಕೆಂಪಾಗಿತ್ತು, ಆದರೂ ಬಂದಿದ್ದ. ಅವಳು ಕೊಟ್ಟ ಅಕ್ಕಿಗಂಜಿ ಕುಡಿದು, ಸುಮ್ಮನೆ ಮಾಹೊಳ ಫೋಟೋದ ಮುಂದೆ ಕೈಮುಗಿದು ಹೋದ. ಫೆರಿ ಕಣ್ಮರೆಯಾಗುವವರೆಗೆ ಚಿಗುಸಾ ಮೆಟ್ಟಿಲ ಮೇಲೇ ನಿಂತಿದ್ದಳು. ಯಾಕೆಂದು ತನ್ನನ್ನೇ ಕೇಳಿಕೊಳ್ಳುವ ಧೈರ್ಯವಾಗಲಿಲ್ಲ.

ಮೂವತ್ತನೆಯ ತಾರೀಕಿನ ಸಂಜೆ ಎಲ್ಲವನ್ನೂ ಹೊಸ ಸರ್ವರಿಗೆ ಸಾಗಿಸಿದ್ದಾಯಿತು. ಏಳುನೂರ ಹನ್ನೆರಡು ಚಿತ್ರ, ಆರು ಸಾವಿರ ಚಿಲ್ಲರೆ ಅತಿಥಿ ಮಾತುಗಳು. ಕೊನೆಯಲ್ಲಿ ಇನ್ನೂ ಒಂದೆರಡು ಸಾಲು ಟೈಪ್ ಮಾಡಿಸಿದ. ಸುಸ್ತಾಗಿದ್ದ ಅವಳು ಅದೇನೆಂದು ಕೇಳದೆಯೇ ಮಾಡಿದಳು.

“ನಾಳೆ ಹನ್ನೊಂದಕ್ಕೆ ಬರ್ತೀನಿ. ಒಂದು ಸಣ್ಣ ಕೆಲಸ ಬಾಕಿ ಇದೆ. ಅಲ್ಲೀವರ್ಗೂ ಏನೂ ಮುಟ್ಬೇಡಿ.”

ಅವನು ಹೋದ ಮೇಲೆ ಊಟ ಮುಗಿಸಿ, ಆರು ವರ್ಷದ ಅಭ್ಯಾಸದಂತೆ ಅವಳು ಅತಿಥಿ ಪುಟ ತೆರೆದು ತಂಗಿಗೆ ಬರೆದಳು. ಹೊಸದರಲ್ಲಲ್ಲ, ಹಳೆಯದರಲ್ಲಿ. ಸಾಗಾಣಿಕೆ ಮುಗಿದ ಮನೆಯಲ್ಲಿ ಮತ್ತೆ ಒಂದು ಕಾಗದ ಇಟ್ಟು ಬಂದ ಹಾಗಾಯಿತು. ಪಾಪ, ಅವಳಿಗೆ ಅದು ಹೊಳೆಯಲೇ ಇಲ್ಲ.

*

ಬೆಳಿಗ್ಗೆ ಜಲಸಂಧಿಯನ್ನೆಲ್ಲ ಮಂಜು ಮುಚ್ಚಿತ್ತು. ಹನ್ನೊಂದಾಯಿತು, ಹನ್ನೊಂದೂವರೆಯಾಯಿತು. ಉಕಾಯ್ ಬರಲಿಲ್ಲ. ಅವನ ಫೋನ್ ಸಿಗಲಿಲ್ಲ.

ಹನ್ನೆರಡಕ್ಕೆ ಸರಿಯಾಗಿ ಹಳೆಯ ಪುಟ ಹೊರಟುಹೋಯಿತು. ‘ಈ ಸೇವೆ ಮುಗಿದಿದೆ’ ಎಂಬ ಒಂದು ಸಾಲು ಉಳಿಯಿತು.

ಚಿಗುಸಾ ಹೊಸ ಸರ್ವರಿನ ಪುಟ ತೆರೆದಳು.

ಚಿತ್ರಗಳಿದ್ದವು. ಆದರೆ ಮಾತುಗಳು? ಮಾಹೊಳ ಒಂದು ಮಾತೂ ಇರಲಿಲ್ಲ! ಸಾಲು ಸಾಲಾಗಿ ಅರ್ಥವಿಲ್ಲದ ಗುರುತುಗಳು, ಡೊಂಕು ಗೆರೆಗಳು, ಖಾಲಿ ಚೌಕಗಳು. ಯಾರೋ ತಂಗಿಯ ಬಾಯಿಗೆ ಮರಳು ತುಂಬಿದ ಹಾಗಿತ್ತು.

ಮತ್ತೆ ಫೋನ್ ಮಾಡಿದಳು. ಇಲ್ಲ. ಇನ್ನೊಮ್ಮೆ. ಇಲ್ಲ.

‘ಗೊತ್ತಿತ್ತು ಅವನಿಗೆ... ಅದಕ್ಕೇ ಎಲ್ಲವನ್ನೂ ನನ್ನ ಕೈಯಿಂದಲೇ ಮಾಡಿಸಿದ. ಕೆಟ್ಟರೆ ನನ್ನ ತಪ್ಪು. ಅವನು ಬರುವುದಿಲ್ಲ.’

ಮುಟ್ಟಬೇಡಿ ಅಂದಿದ್ದನ್ನು ಮರೆತಳು. ಅತಿಥಿ ಪುಟದ ಫೈಲನ್ನೇ ತೆರೆದು, ಆ ಕಸದ ಒಂದು ಸಾಲನ್ನು ಅಳಿಸಿ, ತನಗೆ ಬಾಯಿಪಾಠವಾಗಿದ್ದ ಮಾಹೊಳ ಕೊನೆಯ ಉತ್ತರವನ್ನು ಬರೆದು ಉಳಿಸಿದಳು. ಪುಟವನ್ನು ಮತ್ತೆ ತೆರೆದಾಗ ಅವಳು ಬರೆದ ಒಂದು ಸಾಲು ಬಿಟ್ಟು ಮಿಕ್ಕ ಆರು ಸಾವಿರ ಮಾತುಗಳೂ ಬರೀ ಪ್ರಶ್ನೆಚಿಹ್ನೆಗಳಾಗಿದ್ದವು.

ಅವಳು ಅಳಲಿಲ್ಲ. ಅಳುವುದಕ್ಕೂ ಮೈಯಲ್ಲಿ ಏನಾದರೂ ಉಳಿದಿರಬೇಕು. ಗೋಡೆಗೆ ಒರಗಿ, ಮಾಹೊಳ ಫೋಟೋ ನೋಡಲಾರದೆ ಕಣ್ಣು ಮುಚ್ಚಿ ಕೂತಳು. ಮೊದಲ ಸಲ ತಂಗಿ ಸತ್ತಾಗ ಪಕ್ಕದಲ್ಲಿ ಡಾಕ್ಟರಿದ್ದರು, ನರ್ಸುಗಳಿದ್ದರು. ಈ ಸಲ ತಾನೊಬ್ಬಳೇ, ತನ್ನ ಕೈಯಿಂದಲೇ...

ಒಂದೂವರೆಗೆ ಉಕಾಯ್ ಮೆಟ್ಟಿಲು ಹತ್ತಿ ಓಡಿಬಂದ. ಬೂಟನ್ನು ಎಲ್ಲೆಲ್ಲೋ ಬಿಟ್ಟಿದ್ದ.

ಫೆರಿ ಮಂಜಿನಲ್ಲಿ ನಡುನೀರಲ್ಲೇ ನಿಂತಿತ್ತಂತೆ, ಫೋನಿನ ಸಿಗ್ನಲ್ ಬಂದು ಹೋಗಿ ಮಾಡುತ್ತಿತ್ತಂತೆ. ಅವಳಿಗೆ ಅದೊಂದೂ ಕೇಳಿಸಲಿಲ್ಲ.

“ಸಾಯಿಸ್ಬಿಟ್ಟೆ,” ಎಂದಳು. “ನನ್ನ ಕೈಲಿ ಸಾಯಿಸಿದ್ರಿ. ಅದಕ್ಕೇ ತಾನೆ ಕಲಿಸಿದ್ದು? ನಿಮ್ಮ ಕೈ ಚೊಕ್ಕವಾಗಿರ್ಲಿ ಅಂತ.”

ಅವನು ಪರದೆ ನೋಡಿದ. ಪ್ರಶ್ನೆಚಿಹ್ನೆಗಳನ್ನು ಕಂಡು ಅವನ ಮುಖ ಬಿಳಿಚಿಕೊಂಡಿತು.

ಮಾಹೊ ಬರೆದದ್ದು ಅಕ್ಷರಗಳನ್ನು ಯಂತ್ರದಲ್ಲಿಡುವ ಹಳೆಯ ಪದ್ಧತಿಯಲ್ಲಿ, ಹೊಸ ಸರ್ವರ್ ಅದನ್ನು ಹೊಸ ಪದ್ಧತಿ ಅಂದುಕೊಂಡು ಓದುತ್ತಿತ್ತು. ಕಾಣುವುದಕ್ಕೆ ಹಾಳಾಗಿದ್ದರೂ ಒಳಗೆ ಎಲ್ಲ ಸುರಕ್ಷಿತವಾಗಿತ್ತು. ಒಂದು ಸಾಲು ಸೇರಿಸಿದ್ದರೆ ಸಾಕಿತ್ತು, ಬಾಕಿ ಇದ್ದ ಸಣ್ಣ ಕೆಲಸ ಅದೇ. ಫೈಲು ತೆರೆದು ಉಳಿಸಿದಾಗಲೇ ನಿಜವಾಗಿ ಹಾಳಾದದ್ದು. ಇದನ್ನೆಲ್ಲ ತಡವರಿಸುತ್ತ ಹೇಳಿದ. “ನಿನ್ನೆಯೇ ಹೇಳ್ಬೇಕಿತ್ತು. ನೀವು ಸುಸ್ತಾಗಿದ್ರಿ ಅಂತ ಬಿಟ್ಟೆ. ತಪ್ಪು ನನ್ನದು.”

ಚಿಗುಸಾ ಅವನ ತೋಳು ಹಿಡಿದುಕೊಂಡಳು. ಮರ್ಯಾದೆ, ನಾಚಿಕೆ ಯಾವುದೂ ಉಳಿದಿರಲಿಲ್ಲ. “ಮಾತು ಮುರಿದೆ ಅಂತ ಹೇಳಿ, ಉಕಾಯ್ ಸಾನ್. ಒಂದು ಪ್ರತಿ ನಿಮ್ಮ ಹತ್ರ ಇಟ್ಕೊಂಡಿದೀನಿ ಅಂತ ಹೇಳಿ. ಬೈಯಲ್ಲ ನಾನು. ಕಾಲಿಗೆ ಬೀಳ್ತೀನಿ...”

“ನನ್ನ ಹತ್ರ ಇಲ್ಲ.”

ಅವಳ ಕೈ ಸಡಿಲವಾಯಿತು.

“ನಿಮ್ಮ ಹತ್ರ ಇದೆ,” ಎಂದ. “ನಿನ್ನೆ ಕೊನೇಲಿ ಟೈಪ್ ಮಾಡಿದ್ರಲ್ಲ ಎರಡು ಸಾಲು? ದಿನಾ ಬೆಳಗಿನ ಜಾವ ನಾಲ್ಕಕ್ಕೆ ಎಲ್ಲದರ ಒಂದು ಪ್ರತಿ ತೆಗೆದು ಬೇರೆ ಕಡೆ ಇಡು ಅಂತ ನೀವೇ ನಿಮ್ಮ ಸರ್ವರಿಗೆ ಹೇಳಿದ್ದು. ಹೇಳಿದ್ದು ಸರಿಯಾಗಿದ್ರೆ, ಇರುತ್ತೆ.”

“ಸರಿಯಾಗಿಲ್ದಿದ್ರೆ?”

ಅವನು ಕೈಯನ್ನು ಮತ್ತೆ ಕಂಕುಳಲ್ಲಿ ಸಿಕ್ಕಿಸಿಕೊಂಡ.

ಅವನು ಹೇಳುತ್ತ ಹೋದ, ಅವಳು ಟೈಪ್ ಮಾಡುತ್ತ ಹೋದಳು. ಪರದೆಯ ಮೇಲೆ ಒಂದು ಫೈಲಿನ ಹೆಸರು ಬಂತು. ಸಮಯ ನಾಲ್ಕು ಗಂಟೆ. ಅದನ್ನು ಹಾಳಾದದ್ದರ ಜಾಗಕ್ಕೆ ತಂದಳು. ಬಾಕಿ ಇದ್ದ ಆ ಒಂದು ಸಾಲನ್ನೂ ಸೇರಿಸಿದಳು. ಪುಟ ತೆರೆಯಿತು.

‘ಇವತ್ತಿನ ಸಾರು ನಿನ್ನೆಯ ಸಾರಿನ ಅಣ್ಣ.’

ಆಗ ಅತ್ತಳು. ಮೇಜಿನ ಮೇಲೆ ಹಣೆಯಿಟ್ಟು, ಆರು ವರ್ಷದ್ದನ್ನೆಲ್ಲ ಸೇರಿಸಿ ಅತ್ತಳು. ಅವನು ಸಮಾಧಾನ ಮಾಡಲು ಬರಲಿಲ್ಲ, ಎದ್ದೂ ಹೋಗಲಿಲ್ಲ.

ಅಳು ನಿಂತ ಮೇಲೆ ಅವನು ತನ್ನ ಕಥೆ ಹೇಳಿದ. ಹಿಂದೆ ಹಲವರ ಸರ್ವರುಗಳನ್ನು ಅವನೇ ನೋಡಿಕೊಳ್ಳುತ್ತಿದ್ದನಂತೆ. ಒಬ್ಬ ಮುದುಕ ಮೀನುಗಾರನ ಮೂವತ್ತು ವರ್ಷದ ಉಬ್ಬರವಿಳಿತದ ದಾಖಲೆ ಅವುಗಳಲ್ಲೊಂದರಲ್ಲಿತ್ತು. ಇವನು ಎರಡು ತಿಂಗಳು ಆಸ್ಪತ್ರೆಯಲ್ಲಿ ಬಿದ್ದಾಗ ಅದು ಕೆಟ್ಟು ನಿಂತಿತು. ಪಾಸ್‌ವರ್ಡ್ ಗೊತ್ತಿದ್ದದ್ದು ಇವನೊಬ್ಬನಿಗೆ. ಎದ್ದು ಬರುವಷ್ಟರಲ್ಲಿ ಎಲ್ಲ ಹೋಗಿತ್ತು. ಮುದುಕ ಒಂದು ಮಾತೂ ಆಡದೆ ತಲೆಬಾಗಿ ನಮಸ್ಕರಿಸಿ ಹೊರಟುಹೋದನಂತೆ.

“ಅವತ್ತಿಂದ ಯಾರ ಕೀಲೀನೂ ನಾನು ಇಟ್ಕೊಳ್ಳಲ್ಲ.”

ಇವನನ್ನು ಕಲ್ಲು ಅಂದುಕೊಂಡಿದ್ದೆನಲ್ಲ... ಎಂದುಕೊಂಡಳು ಚಿಗುಸಾ. ಮುಖ ಮರೆಸಿಕೊಳ್ಳಲು ಅತಿಥಿ ಪುಟದ ಕೊನೆಗೆ ಹೋದಳು. ನಿನ್ನೆ ರಾತ್ರಿ ಊಟದ ಮೇಲೆ ಬರೆದದ್ದು ಇರಲಿಲ್ಲ.

“ಹಳೇ ಕಡೆ ಬರೆದ್ಬಿಟ್ಟಿದ್ರಿ,” ಎಂದ ಉಕಾಯ್, ನೆಲ ನೋಡುತ್ತ. “ಒಂದು ಮಾತು ಉಳಿಸ್ಕೊಂಡೆ, ಇನ್ನೊಂದನ್ನ ಮುರಿದೆ. ಮುಚ್ಚೋಕೆ ಮೊದ್ಲು ಯಾರಾದ್ರೂ ಹೊಸದಾಗಿ ಬರೆದಿದ್ದಾರಾ ಅಂತ ಫೆರಿಯಿಂದ ನೋಡ್ದೆ. ಓದ್ಬಿಟ್ಟೆ. ಫೋನಲ್ಲಿ ಉಳಿಸ್ಕೊಳ್ಳೋ ಹಾಗಿರ್ಲಿಲ್ಲ, ನಿಮಗೆ ಮಾತು ಕೊಟ್ಟಿದ್ದೆ.”

ಜೇಬಿನಿಂದ ರಿಪೇರಿ ಚೀಟಿಯೊಂದನ್ನು ತೆಗೆದು, ಹಿಂಬದಿ ಮೇಲೆ ಮಾಡಿ, ಎರಡೂ ಕೈಯಲ್ಲಿ ಅವಳ ಮುಂದಿಟ್ಟ. ಅವನ ಅಕ್ಷರ ಚಿಕ್ಕದು, ಒತ್ತೊತ್ತು.

‘ಮಾಹೊ, ನಾಳೆಗೆ ಕೆಲಸ ಮುಗಿಯುತ್ತೆ. ನಿನಗೆ ಹೊಸ ಮನೆ ಸಿಕ್ತು. ಆದ್ರೆ ನಾಡಿದ್ದಿಂದ ಆ ಮನುಷ್ಯನಿಗೆ ಈ ಮೆಟ್ಟಿಲು ಹತ್ತೋಕೆ ಕಾರಣ ಇರಲ್ಲ. ಐದು ಗಂಟೆ ಫೆರಿ ಬರುತ್ತೆ, ಅವನು ಇಳಿಯಲ್ಲ. ನಾನೇನು ನೆಪ ಹೇಳಲಿ? ನೀನಿದ್ದಿದ್ರೆ ಹೇಳ್ಕೊಡ್ತಿದ್ದೆ. ಅಕ್ಕ.’

ಅವಳ ಕಿವಿ ಕೆಂಪಾಯಿತು. ತಲೆ ಎತ್ತಲಾಗಲಿಲ್ಲ. ಹೊರಗೆ ಮಂಜು ಹರಿದು, ಫೆರಿಯ ಕೂಗು ಕೇಳಿಸಿತು.

ಉಕಾಯ್ ಕೈಗಳನ್ನು ಮತ್ತೆ ಕಂಕುಳಲ್ಲಿ ಸಿಕ್ಕಿಸಿಕೊಂಡ. “ಸ್ವಂತ ಸರ್ವರ್ ಅಂದ್ರೆ ಕೆಲಸ ಮುಗಿಯೋದೇ ಇಲ್ಲ. ವಾರಕ್ಕೊಂದ್ಸಲ ಬಂದು ನೋಡ್ಬೇಕಾಗುತ್ತೆ ಅಂತ ಹೇಳೋಣ ಅಂದ್ಕೊಂಡೆ ದಾರಿಯುದ್ದಕ್ಕೂ. ಆದ್ರೆ ಅದು ಸುಳ್ಳು. ನಿಮಗೀಗ ಎಲ್ಲ ಬರುತ್ತೆ. ನನ್ನ ಅಗತ್ಯ ಇಲ್ಲ.”

“...ಮತ್ತೆ?”

“ಅಗತ್ಯ ಇಲ್ದೇನೂ ಬರ್ಬಹುದಾ, ಚಿಗುಸಾ ಸಾನ್?”

ಅವನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಚಿಗುಸಾ ಚೀಟಿಯನ್ನು ಮಡಿಸದೆ ಹಾಗೇ ಎದೆಗೆ ಒತ್ತಿಕೊಂಡಳು. ಆಮೇಲೆ ಕೀಬೋರ್ಡನ್ನು ನಿಧಾನವಾಗಿ ಅವನ ಕಡೆ ತಳ್ಳಿದಳು.

“ನನ್ನ ಕೈ ನಡುಗ್ತಾ ಇದೆ. ಇದನ್ನ ನೀವೇ ಬರೀರಿ.”

“ಏನಂತ ಬರೀಲಿ?”

“ಮಾಹೊಗೆ ಹೇಳಿ, ಐದು ಗಂಟೆ ಫೆರೀಲಿ ಬರ್ತಾ ಇರ್ತೀನಿ ಅಂತ.”

ಅವನು ಕಂಕುಳಿನಿಂದ ಕೈ ತೆಗೆದ.