ಗಾಳಿಚೀಲದ ಕಳ್ಳ ಕಸ ಹೆಕ್ಕಿ ಹೋಗಿದ್ದ

ಕಂಬವಿತ್ತು, ಗಾಳಿಚೀಲವಿರಲಿಲ್ಲ.

ಮೊದಲು ನೋಡಿದವನು ಪೈಲಟ್. ಕಾಫಿ ಲೋಟ ಹಿಡಿದು ಬೆಳಗಿನ ಬಿಸಿಲಿಗೆ ಹೆಲಿಪ್ಯಾಡಿಗೆ ಬಂದವನು ಕತ್ತೆತ್ತಿ ಹಾಗೇ ನಿಂತುಬಿಟ್ಟ. ಗಾಳಿ ಎತ್ತಲಿಂದ ಬೀಸುತ್ತಿದೆ ಎಂದು ತೋರಿಸುವ ಆ ಕೇಸರಿ ಬಟ್ಟೆಯ ಚೀಲವಿಲ್ಲದೆ ಆಂಬುಲೆನ್ಸ್ ಹೆಲಿಕಾಪ್ಟರ್ ಅಲ್ಲಿಂದ ಏಳುವಂತಿಲ್ಲ. ಆ ಆಂಬುಲೆನ್ಸ್ ಕೇಂದ್ರದ ನಿಯಮ ಅದು.

ಬೇರೆ ದಿನವಾಗಿದ್ದರೆ ಹಾಳಾಗಲಿ ಎನ್ನಬಹುದಿತ್ತು. ಅಂದು ಕೇಂದ್ರದ ಆಂಬುಲೆನ್ಸ್ ಡ್ರೈವರ್ ಮಗಳ ಪರೀಕ್ಷಾ ಹಾರಾಟ. ಅಪ್ಪ ಓಡಿಸುವ ಆಂಬುಲೆನ್ಸಿನಲ್ಲೇ ಹಿಂದೆ ಕೂತು ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಹುಡುಗಿ, ಈಗ ಹೆಲಿಕಾಪ್ಟರ್ ತಂಡಕ್ಕೆ ಆಯ್ಕೆಯಾಗಿದ್ದಳು. ಮಧ್ಯಾಹ್ನದೊಳಗೆ ಹಾರದಿದ್ದರೆ ಸೀಟು ಬೇರೆ ಕೇಂದ್ರದವರ ಪಾಲು. ಹೊಸ ಗಾಳಿಚೀಲ ಬರುವುದು ನಾಳೆ.

"ಗಾಳಿಗೆ ಹಾರಿ ಹೋಗಿರ್ಬೇಕು," ಎಂದರು ಡ್ರೈವರ್. ಅವರನ್ನು ಎಲ್ಲರೂ ನಿಧಾನಪ್ಪ ಅಂತಲೇ ಕರೆಯುತ್ತಿದ್ದರು. ಗಾಡಿ ಹತ್ತುವ ಮುನ್ನ ಅದಕ್ಕೊಂದು ಸುತ್ತು ಬಂದು, ಟೈರು, ದೀಪ, ಬಾಗಿಲು ಎಲ್ಲ ಮುಟ್ಟಿ ನೋಡದಿದ್ದರೆ ಅವರಿಗೆ ಸಮಾಧಾನವಿಲ್ಲ.

"ಪಾಪ, ಗಾಳಿ ಹೋಗೋವಾಗ ಕತ್ತರಿ ತಗೊಂಡು ಹೋಗಿತ್ತಾ?" ಎಂದಳು ವೈರ್‌ಲೆಸ್ ಅಕ್ಕ.

ಕೇಂದ್ರಕ್ಕೆ ಬರುವ ಕರೆಗಳನ್ನೆಲ್ಲ ಎತ್ತುವವಳು ಅವಳು. ಪಾಳಿ ಮುಗಿಸಿ ಮನೆಗೆ ಹೊರಟಿದ್ದಳು. ಕಂಬದ ತುದಿಯಲ್ಲಿ ನೀಟಾಗಿ ತುಂಡಾಗಿದ್ದ ದಾರ ನೋಡಿದ್ದೇ ತಡ, ಹೆಗಲಲ್ಲಿದ್ದ ಕೈಚೀಲ ಕೆಳಗಿಟ್ಟಳು. ಇನ್ನೊಬ್ಬರ ತಲೆನೋವನ್ನು ತನ್ನದು ಮಾಡಿಕೊಳ್ಳದಿದ್ದರೆ ಅವಳಿಗೆ ನಿದ್ದೆ ಹತ್ತುವುದಿಲ್ಲ.

* * *

ಮೊದಲ ಗುಮಾನಿ ಪಕ್ಕದ ಮನೆಯ ಬೆಕ್ಕಿನಜ್ಜಿಯ ಮೇಲೆ. ಹೆಲಿಕಾಪ್ಟರ್ ಸದ್ದಿಗೆ ಬೆಕ್ಕುಗಳು ಊಟ ಬಿಡುತ್ತವೆ ಎಂದು ಅಜ್ಜಿ ವಾರವಾರವೂ ಜಗಳಕ್ಕೆ ಬರುತ್ತಿದ್ದಳು. ಬೇಲಿಯಾಚೆ ಹಗ್ಗದ ಮೇಲೆ ಕೇಸರಿ ಬಣ್ಣದ್ದೇನೋ ಒಣಗುತ್ತಿತ್ತು. ಪೈಲಟ್ ಬೇಲಿ ಹಾರಲು ಅಣಿಯಾದ. ಅಕ್ಕ ಗೇಟು ತೆಗೆದು ಹೋದಳು.

ಅದು ಹೊದಿಕೆ. ಮೂಲೆಯಲ್ಲಿ ಬೆಕ್ಕಿನ ಚಿತ್ರ ಬೇರೆ.

"ಅಷ್ಟೆತ್ತರ ಹತ್ತಿ ನಾನು ಕದೀಲಾ? ಮಂಚ ಹತ್ತೋಕೇ ಮಣೆ ಬೇಕು ನಂಗೆ," ಎಂದಳು ಅಜ್ಜಿ.

"ಬೇಜಾರು ಮಾಡ್ಕೋಬೇಡಿ ಅಜ್ಜಿ. ಕೇಳೋದು ನಮ್ಮ ಧರ್ಮ."

"ಬೇಜಾರೇನಿಲ್ಲ. ಕದ್ದೋರು ಸಿಕ್ಕಿದ್ರೆ ಹೇಳು, ಒಂದು ಥ್ಯಾಂಕ್ಸ್ ಹೇಳ್ಬೇಕು."

* * *

ಅಕ್ಕ ಮರಳಿ ಬಂದು ಕಂಬದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಳು. ನೆಲ ಸವರಿದಳು. ಅಷ್ಟು ದಾರ ಕತ್ತರಿಸಿದ ಮೇಲೂ ಒಂದು ಎಳೆಯಿಲ್ಲ. ಎದ್ದು ಗೇಟಿನ ಬಳಿಯ ಕಸದ ಡಬ್ಬಿ ತೆಗೆದಳು. ತುಂಡುಗಳೆಲ್ಲ ಅಲ್ಲಿದ್ದವು, ಚೆನ್ನಾಗಿ ಗಂಟು ಹಾಕಿ.

"ಹೊರಗಿನ ಕಳ್ಳ ಕೈಗೆ ಸಿಕ್ಕಿದ್ದು ಕಿತ್ಕೊಂಡು ಓಡ್ತಾನೆ," ಎಂದಳು ಪೈಲಟ್‌ಗೆ. "ಇವನು ನಿಂತು ಕಸ ಹೆಕ್ಕಿದ್ದಾನೆ."

ಪೈಲಟ್ ಮುಖ ಸಣ್ಣದಾಯಿತು. ಪ್ಯಾಡಿನ ಮೇಲೆ ಒಂದು ಚೂರು ಬಿದ್ದಿದ್ದರೂ ರೆಕ್ಕೆಯ ಗಾಳಿಗೆ ಎದ್ದು ಯಾರದೋ ಕಣ್ಣಿಗೋ ಎಂಜಿನ್ನಿಗೋ ಹೊಡೆಯುತ್ತದೆ. ಹಾಗೆ ಹೆದರಿ ಕಸ ಹೆಕ್ಕುವವರು ಕೇಂದ್ರದವರು ಮಾತ್ರ.

ಮಗಳು ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಅತ್ತಿದ್ದಳು, ಮುಖ ತೊಳೆದೂ ಬಂದಿದ್ದಳು.

"ಬೆಳಿಗ್ಗೆ ಆಂಬುಲೆನ್ಸ್ ಚೆಕ್ ಮಾಡಿದ್ಯಾ?" ಎಂದು ಕೇಳಿದಳು ಅಕ್ಕ.

"ಇಲ್ಲ ಅಕ್ಕ. ಹೊರಗಡೆ ಅಪ್ಪ, ಒಳಗಡೆ ನಾನು, ಯಾವಾಗ್ಲೂ ಹಾಗೇ. ಇವತ್ತು ಮಾತ್ರ ಒಳಗೂ ನಾನೇ ನೋಡ್ತೀನಿ, ನೀನು ರೆಡಿಯಾಗು ಅಂದ್ರು."

ಅಕ್ಕ ಸೀದಾ ಆಂಬುಲೆನ್ಸಿನ ಕಡೆ ನಡೆದಳು. ನಿಧಾನಪ್ಪ ಹಿಂದಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು.

"ಒಳಗೆ ಎಲ್ಲಾ ಸರಿಯಾಗಿದೆ," ಎಂದರು.

"ನಿಮ್ಮ ಕೈಲಿ ಸರಿಯಿಲ್ಲದೆ ಇರೋಕೆ ಸಾಧ್ಯವಾ? ಸ್ವಲ್ಪ ಪಕ್ಕಕ್ಕೆ ಬನ್ನಿ."

ಬಾಗಿಲು ತೆರೆಯಿತು. ಮಗಳು ದಿನವೂ ಕೂರುವ ಸೀಟಿನಲ್ಲಿ ಗಾಳಿಚೀಲ ಕೂತಿತ್ತು. ಕಂಬಳಿ ಹೊದ್ದಿತ್ತು. ಬೆಲ್ಟನ್ನೂ ಹಾಕಿಕೊಂಡಿತ್ತು.

ಪೈಲಟ್ ನಕ್ಕು ನಕ್ಕು ಸುಸ್ತಾದ. ಮಗಳು ಮಾತ್ರ ನಗಲಿಲ್ಲ.

"ದಾರದ ಚೂರು ನೋಡಿದಾಗ ನಮ್ಮೋರೇ ಅನ್ನಿಸ್ತು," ಎಂದಳು ಅಕ್ಕ. "ಇಬ್ಬರ ಕೆಲಸ ಒಬ್ಬರೇ ಮಾಡಿದ್ರು ಅಂತ ಗೊತ್ತಾದಾಗ ಯಾರು ಅಂತಾನೂ ಗೊತ್ತಾಯ್ತು. ಗಾಡಿಯಲ್ಲಿ ಯಾವುದೂ ಸಡಿಲ ಇರಬಾರದು ಅಂತ ಕದ್ದ ಮಾಲಿಗೂ ಬೆಲ್ಟ್ ಹಾಕೋರು ಇನ್ಯಾರಿದ್ದಾರೆ?"

ನಿಧಾನಪ್ಪ ಬಂಪರ್ ಮೇಲೆ ಕುಸಿದು ಕೂತರು.

"ರಸ್ತೇಲಾದ್ರೆ ಸ್ಟೀರಿಂಗ್ ನನ್ನ ಕೈಯಲ್ಲಿರುತ್ತೆ," ಎಂದರು ಮಗಳಿಗೆ. "ಬ್ರೇಕ್ ನನ್ನ ಕಾಲಲ್ಲಿರುತ್ತೆ. ನೀನು ಹಿಂದೆ ಇದ್ದೀಯ ಅಂತ ಗುಂಡಿ ನೋಡಿ ಓಡಿಸ್ತೀನಿ. ಮೇಲೆ ಹೋದ್ರೆ ನಾನೇನು ಮಾಡ್ಲಿ ಮಗಳೇ?"

"ಅದಕ್ಕೆ ಇದನ್ನ ಕದ್ರಾ?" ಮಗಳು ಗಾಳಿಚೀಲದ ಕಡೆ ಕೈ ತೋರಿಸಿದಳು. "ಅಪ್ಪಾ, ಮೇಲೆ ಹೋದಾಗ ನನ್ನ ಕಾಯೋದೇ ಇದು. ಗಾಳಿ ನೋಡದೆ ಇಳಿಸಿದ್ರೆ ಏನಾಗುತ್ತೆ ಅಂತ ನಿಮಗೆ ಗೊತ್ತಿಲ್ವಾ?"

ಗೊತ್ತಿತ್ತು. ಗೊತ್ತಿದ್ದದ್ದನ್ನು ಹೆದರಿಕೆ ಮರೆಸಿತ್ತು. ಹೆತ್ತ ಕರುಳು, ಅದಕ್ಕೆ ಲೆಕ್ಕಾಚಾರ ತಿಳಿಯುವುದಿಲ್ಲ. ನಿಧಾನಪ್ಪನಿಗೆ ನಾಚಿಕೆಯಿಂದ ಕತ್ತೆತ್ತಲಾಗಲಿಲ್ಲ. ಎದ್ದು ಗಾಳಿಚೀಲದ ಬೆಲ್ಟ್ ಬಿಚ್ಚಿದರು.

"ಮೇಲಧಿಕಾರಿಗೆ ಹೇಳ್ಬೇಕಾಗುತ್ತೆ," ಎಂದಳು ಅಕ್ಕ.

"ನಾನೇ ಹೇಳ್ತೀನಿ," ಎಂದರು. ಏಣಿ ತಂದರು.

* * *

ಹೊತ್ತು ನೆತ್ತಿಗೇರುವ ಮೊದಲೇ ಕಂಬದ ತುದಿಯಲ್ಲಿ ಕೇಸರಿ ಚೀಲ ಗಾಳಿ ಕುಡಿದು ಉಬ್ಬಿತು. ಮಗಳು ತಲೆ ತಗ್ಗಿಸಿ, ಪೈಲಟ್‌ನ ಕಣ್ಣಿಗೆ ಬೀಳುವ ಹಾಗೆ ಮುಂದಿನಿಂದಲೇ ಬಂದು ಹತ್ತಿದಳು. ರೆಕ್ಕೆ ತಿರುಗತೊಡಗಿತು.

ಪೈಲಟ್ ಹೆಲಿಕಾಪ್ಟರ್ ಎತ್ತಲಿಲ್ಲ. ಕಿಟಕಿಯಿಂದ ನಿಧಾನಪ್ಪನ ಕಡೆ ಬೆರಳು ತೋರಿಸಿದ. ಸುತ್ತಮುತ್ತ ಎಲ್ಲ ಸರಿಯಿದೆ ಎಂದು ನೆಲದಲ್ಲಿರುವವರು ಹೆಬ್ಬೆರಳೆತ್ತಿ ತೋರಿಸಬೇಕು. ಇವತ್ತು ಆ ಕೆಲಸ ನಿಮ್ಮದು ಎಂಬುದು ಆ ಬೆರಳಿನ ಅರ್ಥ.

ನಿಧಾನಪ್ಪ ಹೆಲಿಪ್ಯಾಡಿನ ಸುರಕ್ಷತಾ ಗೆರೆಯ ಆಚೆ ನಿಂತೇ ಹೆಲಿಕಾಪ್ಟರಿನ ಬಾಲದ ಕಡೆ ನೋಡಿದರು. ತಂತಿ ನೋಡಿದರು, ಬೇಲಿ ನೋಡಿದರು, ಬೇಲಿಯಾಚೆ ಕಿವಿ ಮುಚ್ಚಿಕೊಂಡ ಬೆಕ್ಕಿನಜ್ಜಿಯನ್ನೂ ನೋಡಿದರು. ಮತ್ತೆ ಮೊದಲಿನಿಂದ ಶುರು ಮಾಡಿದರು.

ಮಗಳು ಒಳಗಿನಿಂದ ನಗುತ್ತಾ ತನ್ನ ಬೆಲ್ಟನ್ನು ಎಳೆದು ತೋರಿಸಿದಳು.

ಆಗ ನಿಧಾನಪ್ಪ ಹೆಬ್ಬೆರಳೆತ್ತಿದರು. ಹೆಲಿಕಾಪ್ಟರ್ ಮೇಲೆದ್ದು, ಚುಕ್ಕಿಯಾಗಿ, ಕಣ್ಣಿಗೆ ಕಾಣದಾದ ಮೇಲೂ ಕೈ ಕೆಳಗಿಳಿಸಲಿಲ್ಲ.