ಎಳನೀರು ಗರ್ಲ್ಸ್‌ನ ಮೊದಲ ಹಾಡು

“ಕಟ್! ತೊಡೆ ತಟ್ಬೇಡ ಇಂಪನಾ, ಮೈಕಿಗೆ ಕೇಳ್ಸುತ್ತೆ ಅಂತ ಎಷ್ಟು ಸಲ ಹೇಳ್ಲಿ?”

ಗಾಜಿನ ಆಚೆಯಿಂದ ಕಿರಣ್‌ಕುಮಾರ್ ಕೂಗಿದ. ಇಂಪನಾ ಬಲಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಅಕ್ಕಪಕ್ಕ ನಿಂತಿದ್ದ ಅಕ್ಷತಾ, ನಂದಿತಾ ಕಿಸಕ್ಕನೆ ನಕ್ಕರು.

ಮೂವರೂ ಹೆಬ್ಬೂರಿನ ಶಾಲೆಯಲ್ಲಿ ಆರನೇ ಕ್ಲಾಸು. ಮೂವರೂ ಸೇರಿ ಒಂದು ಗ್ರೂಪು, ಹೆಸರು ‘ಎಳನೀರು ಗರ್ಲ್ಸ್’. ಶಾಲೆಯ ಎದುರು ಎಳನೀರು ಕುಡಿಯುವಾಗ ಹೊಳೆದ ಹೆಸರು ಅದು. ಇನ್ನೂ ಒಳ್ಳೆಯದು ಹೊಳೆಯುವವರೆಗೆ ಇರಲಿ ಅಂದುಕೊಂಡರು. ಹೊಳೆಯಲೇ ಇಲ್ಲ.

ಕಿರಣ್‌ಕುಮಾರ್ ಅಕ್ಷತಾಳ ಸೋದರಮಾವ. ತುಮಕೂರಿನಲ್ಲಿ ಒಂದು ಬೇಕರಿಯ ಮೇಲೆ ಅವನ ಸ್ಟುಡಿಯೋ. ಸ್ಟುಡಿಯೋ ಅಂದರೆ ದೊಡ್ಡದೇನಲ್ಲ. ‘ಮಿಕ್ಸಿ ರಿಪೇರಿ, ಕುಕ್ಕರ್ ರಿಪೇರಿ’ ಅಂತ ಬೀದಿ ಬೀದಿಯಲ್ಲಿ ಆಟೋ ಕೂಗುತ್ತದಲ್ಲ, ಆ ದನಿ ತಯಾರಾಗುವುದು ಇಲ್ಲೇ. ಸದ್ದು ಮಾರ್ದನಿಸದಿರಲಿ ಅಂತ ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ್ದಾನೆ. ಕೆಳಗಿನಿಂದ ಬನ್ನಿನ ವಾಸನೆ ಬಂದಾಗಲೆಲ್ಲ ನಂದಿತಾ ಹಾಡಿನ ಸಾಲು ಮರೆಯುತ್ತಾಳೆ.

ಹಾಡು ಬರೆದವಳು ಅಕ್ಷತಾ.

“ಬಸ್ಸು ಬಂತು, ಬೆಲ್ಲು ಹೊಡೀತು,
ಲೆಕ್ಕದ್ ಮಿಸ್ಸು ಗೇಟಲ್ ನಿಂತ್ರು…”

ಅಲ್ಲಿಯವರೆಗೆ ಸರಿ. ಆಮೇಲೆ ಮೂವರೂ ಸೇರಿ ಹಾಡುವ ಸಾಲಿಗೆ ರಾಗವೇ ಸಿಕ್ಕಿರಲಿಲ್ಲ. ಏನು ಹಾಡಿದರೂ ಯಾವುದೋ ಸಿನಿಮಾದ್ದೇ ಆಗಿಬಿಡುತ್ತಿತ್ತು. ಕೊನೆಗೆ ಹೋದ ಭಾನುವಾರ ಇಂಪನಾ ಮೆಲ್ಲಗೆ ಗುನುಗಿದ್ದಳು.

“ಏಳವ್ವ ಏಳು, ಎದ್ದೇಳು…
ಹೊತ್ತೇರಿ ಬಂತು, ಎದ್ದೇಳು…”

ಕಿರಣ್ ಹೆಡ್‌ಫೋನ್ ತೆಗೆದು ಅವಳನ್ನೇ ನೋಡಿದ್ದ. “ಎಲ್ಲಿ ಸಿಕ್ತಮ್ಮ ಈ ಟ್ಯೂನು?”

“ನಮ್ಮಮ್ಮ ಹೇಳ್ತಿದ್ದ ಜೋಗುಳ ಅಂಕಲ್.”

“ಏನೇ ಇದು!” ನಂದಿತಾ ನಕ್ಕಿದ್ದಳು. “ಜೋಗುಳದಲ್ಲಿ ಮಲ್ಕೋ ಅಂತಾರೆ ಕಣೇ. ನಿಮ್ಮಮ್ಮ ಏಳು ಏಳು ಅಂತಿದ್ರಾ?”

“ಹೂಂ. ನಮ್ಮಮ್ಮ ಹಂಗೇ,” ಅಂದಿದ್ದಳು ಇಂಪನಾ. ಅವಳಿಗೆ ಸ್ವಲ್ಪ ಸಿಟ್ಟೇ ಬಂದಿತ್ತು.

ಇಂಪನಾಗೆ ನಾಲ್ಕು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಅಮ್ಮನ ಮುಖ ಗೋಡೆಯ ಮೇಲಿನ ಫೋಟೋದಲ್ಲಿದೆ, ನೆನಪಿನಲ್ಲಿಲ್ಲ. ನೆನಪಿನಲ್ಲಿರುವುದು ಇಷ್ಟೇ: ಅವಳು ಅಮ್ಮನ ತೊಡೆಯ ಮೇಲೆ ಮಲಗಿದ್ದಾಳೆ. ಅಮ್ಮ ಹಿಂದಕ್ಕೂ ಮುಂದಕ್ಕೂ ತೂಗುತ್ತಾ ಹಾಡುತ್ತಿದ್ದಾಳೆ. ಅಮ್ಮನ ಕೈ ಬೆನ್ನು ತಟ್ಟುತ್ತಿದೆ, ಮೆಲ್ಲಗೆ, ನಿಲ್ಲಿಸದೆ. ಊದುಬತ್ತಿಯ ಹೊಗೆ, ಚೆಂಡುಹೂವಿನ ವಾಸನೆ, ಮನೆ ತುಂಬ ಜನ. ಯಾವುದೋ ಹಬ್ಬದ ದಿನ ಇರಬೇಕು. ನಿದ್ದೆ ಬಾರದಿದ್ದಾಗ ಇಂಪನಾ ಅದನ್ನೇ ನೆನೆದುಕೊಂಡು ತನ್ನ ತೊಡೆಯನ್ನು ತಾನೇ ತಟ್ಟಿಕೊಳ್ಳುತ್ತಾಳೆ.

“ಟ್ಯೂನ್ ಸೂಪರ್, ಆದ್ರೆ ಬಹಳ ಸ್ಲೋ,” ಅಂದಿದ್ದ ಕಿರಣ್. “ಡಬಲ್ ಸ್ಪೀಡ್ ಮಾಡಿ, ಕೆಳಗೊಂದು ತಮಟೆ ಬೀಟ್ ಕೊಡ್ತೀನಿ. ನೋಡ್ತಿರಿ, ಸತ್ತೋರೂ ಎದ್ದು ಕುಣೀಬೇಕು!”

ಈಗ ಆ ಬೀಟಿಗೇ ಮೂವರೂ ಮತ್ತೆ ಹಾಡಿದರು. ಈ ಸಲ ಇಂಪನಾ ಎರಡೂ ಕೈಯನ್ನು ಬಿಗಿಯಾಗಿ ಕಟ್ಟಿಕೊಂಡಿದ್ದಳು. ಕಿರಣ್ ಹೆಬ್ಬೆರಳೆತ್ತಿ ತೋರಿಸಿದ.

ಹಾಡು ‘ಗುನುಗು’ ಅನ್ನುವ ಆ್ಯಪಿನಲ್ಲಿ ಬಂತು. ಅದರಲ್ಲಿ ಪ್ರತಿ ಶುಕ್ರವಾರ ಕನ್ನಡದ ಟಾಪ್ ಟ್ವೆಂಟಿ ಹಾಡುಗಳ ಪಟ್ಟಿ ಹಾಕುತ್ತಾರೆ. ಮೊದಲ ಶುಕ್ರವಾರ ಎಳನೀರು ಗರ್ಲ್ಸ್ ಪತ್ತೆಯೇ ಇಲ್ಲ. ದುಃಖಕ್ಕೆ ನಂದಿತಾ ಊಟ ಬಿಟ್ಟಳು. ಅಂದರೆ, ಸಂಜೆಯ ತಿಂಡಿಯವರೆಗೆ.

ಮುಂದಿನ ಶುಕ್ರವಾರ ಹದಿನೆಂಟನೇ ಜಾಗ ಸಿಕ್ಕಿತು. ಅಷ್ಟರಲ್ಲಿ ಕುಣಿಗಲ್ಲಿನ ಹುಡುಗರು ಯಾರೋ ಅದಕ್ಕೊಂದು ರೀಲ್ಸ್ ಮಾಡಿದರು. ಒಬ್ಬ ನೆಲದ ಮೇಲೆ ಕಣ್ಣು ಮುಚ್ಚಿ, ಕೈಕಾಲು ನೀಡಿ ಮಲಗುತ್ತಾನೆ. ಉಳಿದವರು ಸುತ್ತ ಕುಣಿಯುತ್ತಾರೆ. ‘ಎದ್ದೇಳು’ ಅಂದಕೂಡಲೇ ಮಲಗಿದ್ದವನು ಚಂಗನೆ ನೆಗೆದು ಏಳುತ್ತಾನೆ. ಆಮೇಲೆ ಹಾಡನ್ನು ಹಿಡಿಯುವವರೇ ಇಲ್ಲ. ಮದುವೆ ಮನೆಯಲ್ಲಿ ಅದೇ, ಬಸ್ಸಿನಲ್ಲಿ ಅದೇ, ಶಾಲೆಯ ಜಗಲಿಯಲ್ಲೂ ಅದೇ. ಏಳನೇ ಜಾಗ, ಮೂರನೇ ಜಾಗ, ಕೊನೆಗೆ ನಂಬರ್ ಒನ್!

ತುಮಕೂರಿನ ಚಾನೆಲ್‌ನವರು ಬಂದು ಮೈಕ್ ಹಿಡಿದರು. “ಇದು ನಮ್ಮಮ್ಮನ ಜೋಗುಳ,” ಅಂದಳು ಇಂಪನಾ. ಹೇಳುವಾಗ ಅವಳಿಗೆ ಎದೆ ತುಂಬಿ ಬಂತು. ಈಗ ಅಮ್ಮನನ್ನು ಊರೆಲ್ಲ ಹಾಡುತ್ತಿದೆ ಅನ್ನಿಸಿತು.

ಅಪ್ಪ ಬೆಟ್ಟಸ್ವಾಮಿಗೆ ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ. ಕ್ಯಾಂಟೀನಿನಲ್ಲಿ ಎಲ್ಲರಿಗೂ ಹಾಡು ಕೇಳಿಸಿ ಬಂದಿದ್ದ. ಆದರೂ ಒಂದು ಸಂಜೆ ತಲೆ ಕೆರೆದುಕೊಂಡು ಕೇಳಿದ, “ಲಕ್ಷ್ಮಿ ಇದ್ನ ಹಾಡ್ತಿದ್ಲಾ ಮಗ? ನಾನು ಕೇಳೇ ಇಲ್ವಲ್ಲ.”

“ನೀನು ಡ್ಯೂಟಿಗೆ ಹೋಗಿರ್ತಿದ್ದೆ ಬಿಡಪ್ಪ.”

“ಇರ್ಬೋದು,” ಅಂದ ಅಪ್ಪ.

ಹಾಡು ಕೇಳದೆ ಉಳಿದವಳು ದೊಡ್ಡಗಂಗಮ್ಮಜ್ಜಿ ಒಬ್ಬಳೇ. ಅವಳು ಅಮ್ಮನ ಅಮ್ಮ. ಮಗಳು ಹೋದಮೇಲೆ ಹುಲಿಯೂರುದುರ್ಗದಿಂದ ಬಂದು ಇಂಪನಾಳನ್ನು ಸಾಕಿದವಳು. ರಾಗಿ ಕೊಯ್ಲು ಅಂತ ಮಗನ ಮನೆಗೆ ಹೋಗಿದ್ದಳು. ಅವಳ ಬಳಿ ಇರುವುದು ಗುಂಡಿ ಒತ್ತುವ ಫೋನು.

ಅಜ್ಜಿ ಬಸ್ಸಿಳಿದು ಬಂದು, ಚೀಲದಿಂದ ಅವರೆಕಾಯಿ ಸುರಿದು, ಸುಲಿಯಲು ಕೂತಳು. ಇಂಪನಾ ಅಪ್ಪನ ಮೊಬೈಲ್ ತಂದು ಅವಳ ಮುಂದಿಟ್ಟಳು. “ಅಜ್ಜಿ, ಕಣ್ಮುಚ್ಕೊಂಡು ಕೇಳು. ನಾವು ನಂಬರ್ ಒನ್!”

ಬಸ್ಸು ಬಂತು, ಬೆಲ್ಲು ಹೊಡೀತು. ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕಳು. ಲೆಕ್ಕದ್ ಮಿಸ್ಸು ಗೇಟಲ್ ನಿಂತ್ರು. ಇನ್ನೂ ನಕ್ಕಳು. ಏಳವ್ವ ಏಳು…

ಅಜ್ಜಿಯ ಕೈಯಲ್ಲಿದ್ದ ಅವರೆಕಾಯಿ ಹಾಗೇ ಉಳಿಯಿತು. ಮುಖದ ನಗು ಎಲ್ಲಿ ಹೋಯಿತೋ ಕಾಣೆ.

“ನಿಲ್ಸು.”

“ಇನ್ನೂ ಇದೆ ಅಜ್ಜಿ…”

“ನಿಲ್ಸು ಅಂದೆ! ಇದ್ನ ಮನೆ ಒಳ್ಗೆ ಹಾಕ್ಬ್ಯಾಡ. ಯಾರು ಹೇಳ್ಕೊಟ್ಟಿದ್ದು ನಿಂಗೆ?”

“ಅಮ್ಮ! ಅಮ್ಮನ ತೊಡೆ ಮೇಲೆ ಮಲಗಿದ್ದಾಗ ಹಾಡ್ತಿದ್ಲು. ನಂಗೆ ಚೆನ್ನಾಗ್ ಗ್ಯಾಪ್ಕ ಇದೆ.”

ಅಜ್ಜಿ ಅವರೆಕಾಯಿ ಕೆಳಗಿಟ್ಟಳು. ಎದ್ದು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ಊಟಕ್ಕೆ ಕರೆದರೂ ಬರಲಿಲ್ಲ. ಊರೇ ಮೆಚ್ಚಿದ್ದನ್ನು ಅಜ್ಜಿ ಮೆಚ್ಚಲಿಲ್ಲವಲ್ಲ ಅಂತ ಇಂಪನಾಗೆ ಅಳು ಬಂತು. ಅಜ್ಜಿಯ ಜೊತೆ ಮಾತು ಬಿಟ್ಟಳು.

ಭಾನುವಾರ ಗುಬ್ಬಿಯಲ್ಲಿ ಎಳನೀರು ಗರ್ಲ್ಸ್‌ನ ಮೊದಲ ಸ್ಟೇಜ್ ಪ್ರೋಗ್ರಾಂ. ಅವತ್ತೇ ಬೆಳಿಗ್ಗೆ ಹಿಂದಿನ ಬೀದಿಯ ಚಿಕ್ಕಮಾರಯ್ಯ ತಾತ ತೀರಿಕೊಂಡರು. ಅಜ್ಜಿಯನ್ನು ಕರೆದುಕೊಂಡು ಹೋದರು. ಸತ್ತವರ ಮುಂದೆ ಹಾಡಿಕೊಂಡು ಅಳುವುದು ಈಗಿನ ಹೆಂಗಸರಿಗೆ ಬರುವುದಿಲ್ಲ, ಸುಮ್ಮನೆ ಅಳುತ್ತಾರೆ. ಹಾಡಿಕೊಂಡು ಅಳಬಲ್ಲವರು ಆ ಬೀದಿಗಳಲ್ಲಿ ಅಜ್ಜಿ ಒಬ್ಬಳೇ ಉಳಿದಿದ್ದಳು.

ಹೋಗುವಾಗ ಬೀರುವಿನ ಕೀ ಅಜ್ಜಿಯ ಸೊಂಟದಲ್ಲೇ ಹೋಯಿತು. ಬೀರುವಿನಲ್ಲಿ ಇಂಪನಾಳ ಹೊಸ ಫ್ರಾಕು! ಮಕ್ಕಳು ಸಾವಿನ ಮನೆಗೆ ಹೋಗಬಾರದು ಅಂತ ಅಪ್ಪ ಹೇಳಿದ್ದ. ಆದರೆ ಅಪ್ಪ ಚಟ್ಟಕ್ಕೆ ಬಿದಿರು ತರಲು ಹೋಗಿದ್ದ. ಇನ್ನೇನು ಮಾಡುವುದು? ಇಂಪನಾ ತಾನೇ ಹೋದಳು.

ಬಾಗಿಲಲ್ಲೇ ಊದುಬತ್ತಿಯ ಹೊಗೆ ಮೂಗಿಗೆ ಬಡಿಯಿತು. ಒಳಗೆ ತಾತನ ಎದೆಯ ಮೇಲೆ ಚೆಂಡುಹೂವಿನ ಹಾರ. ಮನೆ ತುಂಬ ಜನ. ಅವರ ನಡುವೆ ಅಜ್ಜಿ ಕೂತು, ಹಿಂದಕ್ಕೂ ಮುಂದಕ್ಕೂ ತೂಗುತ್ತಾ ಹಾಡುತ್ತಿದ್ದಳು.

“ಏಳಪ್ಪ ಏಳು, ಎದ್ದೇಳು…
ಹೊತ್ತೇರಿ ಬಂತು, ಎದ್ದೇಳು…”

ಅಜ್ಜಿಯ ತೊಡೆಯ ಮೇಲೆ ತಾತನ ಪುಟ್ಟ ಮೊಮ್ಮಗಳು ಅರೆನಿದ್ದೆಯಲ್ಲಿ ಮಲಗಿದ್ದಳು. ಅಜ್ಜಿಯ ಕೈ ಅವಳ ಬೆನ್ನು ತಟ್ಟುತ್ತಿತ್ತು, ಮೆಲ್ಲಗೆ, ನಿಲ್ಲಿಸದೆ.

ಇಂಪನಾ ಬಾಗಿಲು ಹಿಡಿದು ನಿಂತಳು. ಕಾಲು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

ಅದೇ ಹೊತ್ತಿಗೆ ಬೀದಿಯ ತಿರುವಿನಲ್ಲಿ ಆಟೋ ಒಂದು ಕೂಗಿತು. “ಮಿಕ್ಸಿ ರಿಪೇರಿ, ಕುಕ್ಕರ್ ರಿಪೇರಿ!” ಅದರ ಹಿಂದೆಯೇ ತಮಟೆ ಬೀಟು. ಜನ ಹೊರಗೆ ಬರಲಿ ಅಂತ ಕಿರಣ್ ಆ ಆಟೋದ ಕೂಗಿನ ಮಧ್ಯೆ ಇವರ ಹಾಡನ್ನೇ ಸೇರಿಸಿ ಕೊಟ್ಟಿದ್ದ. ಏಳವ್ವ ಏಳು, ಎದ್ದೇಳು! ಏಳವ್ವ ಏಳು, ಎದ್ದೇಳು!

ಒಳಗೆ ಅಳು ನಿಂತಿತು. ಹೆಂಗಸರು ಒಬ್ಬೊಬ್ಬರಾಗಿ ಬಾಗಿಲ ಕಡೆ ತಿರುಗಿ ಇಂಪನಾಳನ್ನು ನೋಡಿದರು. ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲವೇನೋ.

ಇಂಪನಾ ಓಡಿದಳು. ಆಟೋಗೆ ಅಡ್ಡ ನಿಂತಳು. “ಆಫ್ ಮಾಡಿ ಅಣ್ಣ! ಸಾವಾಗಿದೆ, ಆಫ್ ಮಾಡಿ!”

“ನಿನ್ ಹಾಡೇ ಅಲ್ವೇನಮ್ಮ?” ಅಂದ ಆಟೋದವನು ಬೆರಗಾಗಿ. ಆಮೇಲೆ ಅವಳ ಮುಖ ನೋಡಿ, ತಟ್ಟನೆ ಆಫ್ ಮಾಡಿದ.

ತಾತನನ್ನು ಎತ್ತಿಕೊಂಡು ಹೋದ ಮೇಲೆ ಅಜ್ಜಿ ಹಿತ್ತಲ ದಾರಿಯಿಂದ ಬಂದಳು. ಸಾವಿನ ಮನೆಯಿಂದ ಬಂದವರು ಸ್ನಾನ ಮಾಡದೆ ಒಳಗೆ ಬರುವಂತಿಲ್ಲ. ಒಗೆಯುವ ಕಲ್ಲಿನ ಮೇಲೆ ಸೀರೆಯಲ್ಲೇ ಕೂತು, “ಮುಟ್ಬ್ಯಾಡ ಮಗ, ದೂರದಿಂದ ನೀರು ಹುಯ್ಯಿ,” ಅಂದಳು. ಇಂಪನಾ ಬಿಸಿನೀರಿನ ಬಕೆಟ್ ತಂದು ಚೊಂಬಿನಲ್ಲಿ ಹುಯ್ಯತೊಡಗಿದಳು.

“ಅಜ್ಜಿ.”

“ಹೂಂ.”

“ಅಮ್ಮ ಸತ್ತಾಗ ನಾನು ನಿನ್ ತೊಡೆ ಮೇಲೆ ಮಲಗಿದ್ನಾ?”

ಅಜ್ಜಿ ಮುಖದ ನೀರು ಒರೆಸಿಕೊಂಡಳು. “ಹೂಂ ಕಣವ್ವ. ಬ್ಯಾರೆ ಯಾರತ್ರನೂ ಹೋಗ್ನಿಲ್ಲ ನೀನು.”

“ಅಮ್ಮ?”

“ಅಲ್ಲೇ ಮುಂದ್ಗಡೆ ಮಲಗ್ಸಿದ್ರು.”

ಇಂಪನಾ ಚೊಂಬು ತುಂಬಿದಳು. ಹುಯ್ಯಲಿಲ್ಲ. “ಹಂಗಾದ್ರೆ ಏಳವ್ವ ಅಂದಿದ್ದು ನಂಗಲ್ಲ.”

“ಅಲ್ಲ ಕಣವ್ವ. ನನ್ ಮಗಳಿಗೆ.”

“ಮತ್ತೆ ಅವತ್ತೇ ಯಾಕ್ ಹೇಳ್ಲಿಲ್ಲ ನೀನು?”

“ಏನಂತ ಹೇಳ್ಲವ್ವ? ಅಮ್ಮಂದು ಅಂತ ನಿಂಗೆ ಉಳ್ದಿದ್ದೇ ಅದೊಂದು. ಅದ್ನೂ ಕಿತ್ಕೊಳಕ್ಕೆ ನಂಗೆ ಮನಸ್ ಬರ್ನಿಲ್ಲ.”

ಚೊಂಬು ಕೈಯಿಂದ ಜಾರಿ ಠಣ್ಣೆಂದು ಬಿತ್ತು. ಇಂಪನಾ ಬಿಕ್ಕಿ ಬಿಕ್ಕಿ ಅತ್ತಳು. ಆ ತೊಡೆ ಅಮ್ಮನದಲ್ಲ, ಆ ದನಿ ಅಮ್ಮನದಲ್ಲ. ಈಗ ಅಮ್ಮನದು ಅಂತ ಅವಳ ಹತ್ತಿರ ಏನೂ ಇಲ್ಲ.

“ಅಮ್ಮ ಏನೂ ಹಾಡ್ತಾನೇ ಇರ್ಲಿಲ್ವಾ ಅಜ್ಜಿ?”

“ಅವಳಿಗೆಲ್ಲಿ ರಾಗ ಬರ್ತಿತ್ತು? ಸಿಳ್ಳೆ ಹೊಡಿಯೋಳು. ನಿನ್ನ ಎತ್ಕೊಂಡು ಹಿತ್ಲೆಲ್ಲ ಸುತ್ತಾಡ್ಕೊಂಡು ಸಿಳ್ಳೆ ಹೊಡಿಯೋಳು. ಹೆಣ್ಮಗ ಸಿಳ್ಳೆ ಹೊಡೀಬಾರ್ದು ಅಂತ ಬೈದೂ ಬೈದೂ ನಂಗೆ ಸಾಕಾಗಿತ್ತು.”

ಇಂಪನಾ ಕಣ್ಣು ಮುಚ್ಚಿ ಆ ಸಿಳ್ಳೆಯನ್ನು ನೆನಪಿಸಿಕೊಳ್ಳಲು ನೋಡಿದಳು. ಎಷ್ಟು ನೋಡಿದರೂ ಕೇಳಿಸಲಿಲ್ಲ. ಅಜ್ಜಿ ಉಳಿದ ನೀರನ್ನು ತಾನೇ ತಲೆಗೆ ಸುರಿದುಕೊಂಡು, ಒದ್ದೆ ಕೈಯಲ್ಲೇ ಅವಳನ್ನು ಹತ್ತಿರ ಎಳೆದುಕೊಂಡು ಬೆನ್ನು ತಟ್ಟಿದಳು. ಆ ಕೈ ಇಂಪನಾಗೆ ಚೆನ್ನಾಗಿ ಗೊತ್ತಿತ್ತು.

ಹೊರಗೆ ಕಾರಿನ ಹಾರ್ನ್ ಆಯಿತು. “ಇಂಪೂ, ಬಾರೇ! ಲೇಟಾಯ್ತು!” ಅಕ್ಷತಾ ಕೂಗಿದಳು.

“ಹೋಗ್ಲಾ ಅಜ್ಜಿ?”

“ಹೋಗ್ಬಾ. ಮಾತು ಕೊಟ್ಟಿದೀರ. ಆ ಜನಕ್ಕೇನು ಗೊತ್ತು, ಪಾಪ.” ಅಜ್ಜಿ ಸೊಂಟದಿಂದ ಬೀರುವಿನ ಕೀ ತೆಗೆದು ಕೊಟ್ಟಳು.

ಗುಬ್ಬಿಯ ಮೈದಾನದಲ್ಲಿ ಜನವೋ ಜನ. ಕಿರಣ್ ಮೊದಲೇ ಹೇಳಿದ್ದ, “ಟ್ರ್ಯಾಕ್ ಹಾಕ್ತೀನಿ, ನೀವು ಬಾಯಾಡ್ಸಿದ್ರೆ ಸಾಕು.” ನಿರೂಪಣೆ ಮಾಡುತ್ತಿದ್ದ ಅಕ್ಕ ಮೂವರನ್ನೂ ಸಾಲಾಗಿ ನಿಲ್ಲಿಸಿ ಕೂಗಿದಳು, “ಈ ಜೋಗುಳ ಹಾಡಿದ ಇಂಪನಾಳ ಅಮ್ಮನಿಗೆ ಒಂದು ಚಪ್ಪಾಳೆ!”

ಇಂಪನಾ ಮೈಕಿನ ಹತ್ತಿರ ಬಾಯಿ ತಂದಳು. “ಅಮ್ಮಂದಲ್ಲ. ನಮ್ಮಜ್ಜಿದು.”

“ಓ, ಅಜ್ಜಿಯ ಜೋಗುಳ! ಹಾಗಾದ್ರೆ ಅಜ್ಜಿಗೆ ಇನ್ನೂ ಜೋರಾಗಿ ಚಪ್ಪಾಳೆ!”

ಜೋಗುಳ ಅಲ್ಲ ಅನ್ನುವಷ್ಟರಲ್ಲಿ ಮೈಕು ಮುಂದೆ ಹೋಗಿತ್ತು. ತಮಟೆ ಬೀಟು ಶುರುವಾಯಿತು. ನಂದಿತಾ ಕುಣಿಯತೊಡಗಿದಳು. ಸ್ಟೇಜಿನ ಮುಂದೆ ಒಬ್ಬ ಹುಡುಗ ಕಣ್ಣು ಮುಚ್ಚಿ, ಕೈಕಾಲು ನೀಡಿ ನೆಲದ ಮೇಲೆ ಮಲಗಿದ. ಗೆಳೆಯರು ಅವನ ಸುತ್ತ ಸೇರಿದರು. ‘ಎದ್ದೇಳು’ ಅಂದದ್ದೇ ತಡ, ಚಂಗನೆ ನೆಗೆದು ಎದ್ದ. ಜನ ಹೋ ಎಂದು ಕೂಗಿದರು.

ಎಷ್ಟು ಸುಲಭವಾಗಿ ಎದ್ದುಬಿಟ್ಟ, ಅನ್ನಿಸಿತು ಇಂಪನಾಗೆ.

ಅವಳ ಸಾಲು ಬಂತು. ಅವಳು ಬಾಯಿ ತೆರೆಯಲಿಲ್ಲ. ಆದರೂ ಅವಳ ದನಿ ದೊಡ್ಡ ಸ್ಪೀಕರಿನಿಂದ ಮೈದಾನ ತುಂಬ ಕೇಳಿಸಿತು. ಯಾರಿಗೂ ಗೊತ್ತಾಗಲಿಲ್ಲ. ಅವಳ ಬಲಗೈ ಮಾತ್ರ ತೊಡೆಯನ್ನು ತಟ್ಟುತ್ತಿತ್ತು, ಮೆಲ್ಲಗೆ, ನಿಲ್ಲಿಸದೆ. ಆ ತಾಳ ಕಿರಣ್ ಅಂಕಲ್ ಹಾಕಿದ ಬೀಟಿನದಾಗಿರಲಿಲ್ಲ.