ಬಿಸಿಲಿಗಿಟ್ಟ ನಾಲ್ಕು ಸೆಲ್ಲು

"ಇದನ್ನು ಕೇಳಿ. ನನ್ನ ಉತ್ತರ ಇದರಲ್ಲಿ ಉಂಟು."

ಕ್ಯಾಸೆಟ್ ನನ್ನ ಕೈಗಿಡುವಾಗ ಕೃಷ್ಣಮೋಹನನ ಕಿವಿ ಕೆಂಪಾಗಿತ್ತು.

ದರ್ಬೆಯಲ್ಲಿ ನಾವಿಬ್ಬರೂ ಪಿಟೀಲು ಕಲಿಯುತ್ತಿದ್ದ ಮನೆಯ ಮೆಟ್ಟಿಲು ಅದು. ಒಳಗೆ ಮಾಷ್ಟ್ರು ಯಾರಿಗೋ ವರ್ಣ ಹೇಳಿಕೊಡುತ್ತಿದ್ದರು. ಭಾನುವಾರ ಮರ್ಕಂಜದಿಂದ ಗಂಡಿನವರು ನನ್ನನ್ನು ನೋಡಲು ಬರುತ್ತಾರೆ, ಬರಲಿ ಎನ್ನಲೋ ಬೇಡ ಎನ್ನಲೋ ಎಂದು ನಾನು ಆಗಷ್ಟೇ ಅವನನ್ನು ಕೇಳಿದ್ದೆ.

"ಬಾಯಲ್ಲಿ ಹೇಳಿದ್ರೆ ಆಗುದಿಲ್ವಾ?"

"ನನಗೆ ಬಾಯಲ್ಲಿ ಬರುದಿಲ್ಲ ಮಾರಾಯ್ರೆ. ಇದು ಮೈಸೂರಲ್ಲಿ ನಾವು ನಾಲ್ಕು ಜನ ನುಡಿಸಿದ್ದು, ಇಂಗ್ಲಿಷ್ ಸಂಗೀತ. ಎರಡು ಪಿಟೀಲು, ಅದಕ್ಕಿಂತ ದೊಡ್ಡದು ಒಂದು ವಯೋಲಾ, ಎಲ್ಲಕ್ಕಿಂತ ದೊಡ್ಡದು ಒಂದು ಚೆಲ್ಲೋ. ಎರಡನೇ ಪಿಟೀಲು ನನ್ನದು. ಅದರ ವೇಗ, ಶ್ರುತಿ, ಭಾವ, ಮೂರೂ ಈಗ ನನ್ನ ಒಳಗೆ ಇರುವ ಹಾಗೆಯೇ."

ಕಣ್ಣೆತ್ತಿದ. ನಾನು ನೋಡುತ್ತಿದ್ದೇನೆಂದು ತಿಳಿದದ್ದೇ ತಲೆ ತಗ್ಗಿಸಿ ಚಪ್ಪಲಿ ನೋಡಿದ. ಅದೂ ನನ್ನ ಚಪ್ಪಲಿ!

ಬೆಳ್ಳಾರೆಯ ಬಸ್ಸಿನಲ್ಲಿ ಕ್ಯಾಸೆಟ್ಟನ್ನು ಸೆರಗಿನೊಳಗೆ ಹಿಡಿದುಕೊಂಡೇ ಬಂದೆ. ಅಜ್ಜಿಯ ಕಥೆಯ ರಾಜಕುಮಾರ ಸಂಪಿಗೆಯೊಳಗೆ ಉಂಗುರ ಇಟ್ಟು ಕಳಿಸುತ್ತಿದ್ದ. ನನ್ನವನು ಟೇಪು ಕಳಿಸಿದ್ದಾನೆ. ಇರಲಿ, ಕಾಲ ಬದಲಾಗಿದೆ.

ನಮ್ಮ ಮನೆಗೆ ಇನ್ನೂ ಕರೆಂಟು ಬಂದಿರಲಿಲ್ಲ. ಅಜ್ಜಿ ತಾಳಮದ್ದಳೆ ಕೇಳುವ ಸೆಲ್ಲಿನ ಟೇಪ್‌ರೆಕಾರ್ಡರನ್ನು ನನ್ನ ಕೋಣೆಗೆ ಒಯ್ದು ಗುಂಡಿ ಒತ್ತಿದೆ.

ಸ್ವರಗಳು ಶಂಕರಾಭರಣದವೇ. ಆದರೆ ಅಂಥ ಶಂಕರಾಭರಣವನ್ನು ನಾನು ಕೇಳಿರಲಿಲ್ಲ. ಸಾವಿನ ಮನೆಯಿಂದ ಹೊರಟವರ ಹಾಗೆ ಕಾಲೆಳೆಯುತ್ತಿತ್ತು. ಪಿಟೀಲುಗಳು ತಗ್ಗಿದ ದನಿಯಲ್ಲಿ ನರಳುತ್ತಿದ್ದವು, ಕೆಳಗೆ ಚೆಲ್ಲೋ ನಿಟ್ಟುಸಿರು ಬಿಡುತ್ತಿತ್ತು. ತಿರುಗಿಸಿ ತಿರುಗಿಸಿ ಕೇಳಿದೆ. ಪ್ರತಿ ಸಲವೂ ಅದು ಇನ್ನಷ್ಟು ದುಃಖದಲ್ಲಿತ್ತು.

ಅಂದರೆ ಇದು ವಿದಾಯ. ನಾನು ಬೇಡ ಎನ್ನಲು ಬಾಯಿ ಬಾರದೆ ನುಡಿಸಿದ್ದನ್ನು ಕಳಿಸಿದ್ದಾನೆ!

ಮರುದಿನ ಅಪ್ಪನಿಗೆ ಹೇಳಿದೆ: "ಮರ್ಕಂಜದವರು ಬರ್ಲಿ."

ಶನಿವಾರ ಪಾಠಕ್ಕೆ ಹೋಗುವುದಿಲ್ಲವೆಂದು ಮುಸುಕು ಹಾಕಿ ಮಲಗಿದ್ದೆ. ಅಜ್ಜಿ ಬಂದರು.

"ಎಂತ ಕೂಸೇ, ಬುಧವಾರದಿಂದ ಟೇಪ್‌ರೆಕಾರ್ಡರು ನೀನೇ ಇಟ್ಟುಕೊಂಡಿದ್ದಿ. ಕೊಡು ಇಲ್ಲಿ."

ಜಗಲಿಯಲ್ಲಿ ತಾಳಮದ್ದಳೆ ಶುರುವಾಯಿತು. ಒಡನೆಯೇ ಅಜ್ಜಿಯ ಕೂಗು.

"ಸತ್ಯಾ! ಈ ಭಾಗವತರಿಗೆ ಎಂತಾಯ್ತು? ಎಮ್ಮೆ ಕೂಗಿದ ಹಾಗೆ ಕೇಳ್ತದೆ! ಗಂಟಲು ಕಟ್ಟಿದೆಯಾ?"

"ಕ್ಯಾಸೆಟ್ಟಿನೊಳಗೆ ಗಂಟಲು ಕಟ್ತದಾ ಅಜ್ಜಿ?"

"ಹಾಗಾದ್ರೆ ಸೆಲ್ಲು ಮುಗಿದದ್ದು. ಸ್ವಲ್ಪ ಬಿಸಿಲಿಗಿಡು, ಜೀವ ಬರ್ತದೆ."

ಸೆಲ್ಲು!

ಎದ್ದು ಓಡಿದೆ. ನಾಲ್ಕೂ ಸೆಲ್ಲನ್ನು ಅಂಗಳದ ಕಾದ ಕಲ್ಲಿನ ಮೇಲೆ ಸಾಲಾಗಿಟ್ಟು, ಕೋಳಿ ಮರಿ ಕಾಯುವವಳಂತೆ ಪಕ್ಕದಲ್ಲೇ ಕುಳಿತೆ. ಅವು ಕೈಗೆ ಬೆಚ್ಚಗೆ ತಾಗಿದ್ದೇ ತಡ, ಒಳಗೆ ತುರುಕಿ ಕೃಷ್ಣಮೋಹನನ ಕ್ಯಾಸೆಟ್ ಹಾಕಿದೆ.

ಅಯ್ಯೋ ದೇವರೇ! ಪಿಟೀಲುಗಳು ಹಾರಿ ಬಂದವು. ಒಂದು ನಕ್ಕರೆ ಇನ್ನೊಂದು ಅದರ ನಗೆಯನ್ನು ಅರ್ಧದಲ್ಲೇ ಕಸಿದುಕೊಂಡು ಓಡುತ್ತಿತ್ತು. ನಿಟ್ಟುಸಿರು ಬಿಟ್ಟಿದ್ದ ಚೆಲ್ಲೋ ಈಗ ಹಬ್ಬದ ಮನೆಯ ಮಕ್ಕಳಂತೆ ಕುಪ್ಪಳಿಸುತ್ತಿತ್ತು. ಅದೇ ಸ್ವರಗಳು, ಅದೇ ಶಂಕರಾಭರಣ. ಇದಾ ಅವನ ಒಳಗಿದ್ದದ್ದು? ಇಷ್ಟು ಸಂತೋಷವನ್ನು ಇಟ್ಟುಕೊಂಡು ಅವನು ನನ್ನ ಚಪ್ಪಲಿ ನೋಡಿದ್ದನಾ?

ಟೇಪ್‌ರೆಕಾರ್ಡರನ್ನು ಎದೆಗವಚಿಕೊಂಡು ಬಸ್ಸು ಹತ್ತಿದೆ. ಪಿಟೀಲು ಮನೆಯಲ್ಲೇ ಉಳಿದಿತ್ತು.

ದರ್ಬೆಯ ಮೆಟ್ಟಿಲಲ್ಲಿ ಅವನು ಒಬ್ಬನೇ ಕುಳಿತಿದ್ದ. ನನ್ನನ್ನು ಕಂಡು ಎದ್ದ. ಮುಖ ಬಾಡಿತ್ತು.

"ಮರ್ಕಂಜದವರಿಗೆ ಬರ್ಲಿಕ್ಕೆ ಹೇಳಿದ್ದೀರಂತೆ. ನಿನ್ನೆ ಬಸ್ಸಿನಲ್ಲಿ ಸಿಕ್ಕಿದಾಗ ನಿಮ್ಮ ಅಪ್ಪ ಹೇಳಿದ್ರು."

"ಮೊದಲು ಇದನ್ನು ಕೇಳಿ." ಗುಂಡಿ ಒತ್ತಿದೆ.

ಸಂಗೀತ ಚಿಮ್ಮಿತು. ಅವನ ಕಣ್ಣು ಅರಳಿತು. ಅಷ್ಟರಲ್ಲೇ ಬಿಸಿಲಿನ ಜೀವ ಮುಗಿಯಿತು. ವೇಗ ಇಳಿಯಿತು, ಶ್ರುತಿ ಜಾರಿತು, ಕುಣಿಯುತ್ತಿದ್ದ ಪಿಟೀಲುಗಳು ಒಂದೊಂದಾಗಿ ಅಳತೊಡಗಿದವು. ಅವನು ಬಾಯಿ ತೆರೆದು ನಿಂತೇಬಿಟ್ಟ.

"ನೀವು ಕೇಳಿದ್ದು ಇದನ್ನಾ?"

"ಹೌದು. ಇದನ್ನೇ. ಅತ್ತಿದ್ದೂ ಇದಕ್ಕೇ."

"ಅಯ್ಯೋ, ಅದು ಡಿ ಮೇಜರ್, ಅಲೆಗ್ರೊ! ಚುರುಕು, ಖುಷಿ... ನಿಲ್ಲಿ, ಹೊಸ ಸೆಲ್ಲು ತರ್ತೇನೆ. ಅಂಗಡಿ ಇಲ್ಲೇ ಉಂಟು."

ಅವನ ಅಂಗಿಯ ತೋಳು ಹಿಡಿದೆ. ಹಿಡಿದ ಮೇಲೆ ನನಗೇ ಗಾಬರಿಯಾಯಿತು. ಬಿಡಲಿಲ್ಲ.

"ಬೇಡ. ಬಾಯಲ್ಲಿ ಹೇಳಿ. ಅದಕ್ಕೆ ಸೆಲ್ಲು ಬೇಡ."

ಅವನ ಕಿವಿ ಮತ್ತೆ ಕೆಂಪಾಯಿತು. ಈ ಸಲ ಚಪ್ಪಲಿ ನೋಡಲಿಲ್ಲ.

"ಮರ್ಕಂಜದವರು... ಬರುದು ಬೇಡ."

"ಇಷ್ಟು ನಿಧಾನವಾ? ನಿಮ್ಮ ಆ ಅಲೆಗ್ರೊದಲ್ಲಿ ಹೇಳಿ."

ಅವನು ಉಸಿರೆಳೆದುಕೊಂಡ. "ನನಗೆ ನೀವು ಬೇಕು ಸತ್ಯವತಿ, ಮೊದಲ ದಿನದಿಂದ ಬೇಕು, ನಾಳೆ ಮೊದಲ ಬಸ್ಸಿಗೆ ಅಪ್ಪನನ್ನು ಕರ್ಕೊಂಡು ನಿಮ್ಮಲ್ಲಿಗೆ ಬರ್ತೇನೆ, ಬರ್ಲಾ?"

ಒಂದೇ ಉಸಿರು! ನಾನು ನಕ್ಕೆ. ನಗುತ್ತಲೇ ಕಣ್ಣು ತುಂಬಿತು.

"ಬನ್ನಿ."

ಮನೆ ಸೇರಿದಾಗ ಅಜ್ಜಿ ಜಗಲಿಯಲ್ಲಿದ್ದರು. ಅವನು ಕೊಡಿಸಿದ ಹೊಸ ಸೆಲ್ಲುಗಳನ್ನು ಅವರ ಮಡಿಲಿಗೆ ಹಾಕಿದೆ.

"ಹಾಗಾದ್ರೆ ಭಾಗವತರ ಗಂಟಲು ಸರಿ ಆಯ್ತಾ?"

"ಆಯ್ತು ಅಜ್ಜಿ. ನಾಳೆ ಮೊದಲ ಬಸ್ಸಿಗೆ ಬರ್ತಾರೆ."

ಅಜ್ಜಿ ನನ್ನ ಮುಖವನ್ನೊಮ್ಮೆ ನೋಡಿದರು, ಸೆಲ್ಲುಗಳನ್ನೊಮ್ಮೆ ನೋಡಿದರು. ಆಮೇಲೆ ಒಳಗೆ ತಿರುಗಿ ಅಪ್ಪನನ್ನು ಕೂಗಿದರು:

"ಮಗಾ, ಮರ್ಕಂಜಕ್ಕೆ ಈಗಲೇ ಜನ ಕಳಿಸು. ಅವರು ಹೊರಡುದು ಬೇಡ!"